ಬೂದು ಬಣ್ಣದ ಇಂಜಿನ್ನು, ಕೆಂಪು ಬಳಿದ ಗಾಜು

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಯಂತ್ರಗಳ ಕಾರ್ಖಾನೆ ಫೋಟೊಗಳ ಬಗ್ಗೆ ಬಂದಿದ್ದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉದ್ದವಾಗಿದ್ದವನ್ನು ಮೊಟಕು ಮಾಡಿದ್ದೇವೆ.

ಹಳೆಯ ಬ್ರಿಟಿಷ್ ಉಗಿ ಇಂಜಿನ್‌ಗಳ ಚಿತ್ರ ಸಂಗ್ರಹಿಸುತ್ತೇನೆ. ಕಾರ್ಖಾನೆಯಿಂದ ಹೊರಬರುವಾಗ ತೆಗೆದ ಚಿತ್ರಗಳಲ್ಲಿ ಎಲ್ಲವೂ ಒಂದೇ ತೆರನಾದ ತಿಳಿ ಬೂದಿ. ಹಿನ್ನೆಲೆಯಲ್ಲಿ ಗೋಡೆಯಿಲ್ಲ, ಮರವಿಲ್ಲ, ಬರೀ ಬಿಳಿ. ಅಷ್ಟು ದೊಡ್ಡ ಸ್ಟುಡಿಯೊ ಅವರಿಗೆ ಎಲ್ಲಿತ್ತು? (ಹುಬ್ಬಳ್ಳಿ)

ಸ್ಟುಡಿಯೊ ಇರಲಿಲ್ಲ. ಕಾರ್ಖಾನೆಯ ಅಂಗಳದಲ್ಲೇ, ಹಳಿಯ ಮೇಲೆ ನಿಲ್ಲಿಸಿ ತೆಗೆದವು ಅವು. ಇಂಜಿನ್ನನ್ನು ಸ್ಟುಡಿಯೊಗೆ ತರಲಾಗದ್ದರಿಂದ ಸ್ಟುಡಿಯೊದ ಬೆಳಕನ್ನು ಇಂಜಿನ್ನಿನ ಮೈಗೇ ಬಳಿದರು ಎನ್ನಬಹುದು. ಬಳಿದದ್ದು ನಿಜವಾದ ಬಣ್ಣವನ್ನೇ. ಸೀಸದ ಸಫೇದಕ್ಕೆ ಕಾಡಿಗೆ ಸೇರಿಸಿ, ಎಣ್ಣೆ ಕಡಿಮೆ ಮಾಡಿ ಟರ್ಪೆಂಟೈನ್ ಹೆಚ್ಚಿಗೆ ಹಾಕಿದರೆ ಒಣಗಿದ ಮೇಲೆ ಒಂದಿಷ್ಟೂ ಹೊಳೆಯದ ಬೂದು ಬರುತ್ತದೆ. ಅದರ ಮೇಲೆ ಅಂಚಿನ ಪಟ್ಟಿಗಳನ್ನು ಕಪ್ಪು ಬಿಳುಪಿನಲ್ಲಿ ಎಳೆಯುತ್ತಿದ್ದರು. ಎಷ್ಟೋ ಸಲ ಕ್ಯಾಮೆರಾ ಕಡೆಗಿನ ಮಗ್ಗುಲಿಗೆ ಮಾತ್ರ ಬಳಿಯುವುದಿತ್ತು. ಚಿತ್ರ ತೆಗೆದಾದ ಮೇಲೆ ಇಂಜಿನ್ ವಾಪಸ್ ಪೇಂಟ್ ಶಾಪಿಗೆ ಹೋಗಿ, ರೈಲ್ವೆ ಕಂಪನಿ ಕೇಳಿದ ಹಸಿರನ್ನೋ ಕೆಂಪನ್ನೋ ಹಾಕಿಸಿಕೊಂಡು ಬರುತ್ತಿತ್ತು.

ಇಷ್ಟೆಲ್ಲ ಯಾಕೆ? 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಕೊಲೋಡಿಯನ್ ಪ್ಲೇಟಿಗೆ, ಅಂದರೆ ಬೆಳಕು ಗ್ರಹಿಸುವ ಲೇಪ ಬಳಿದ ಗಾಜಿಗೆ, ಕಾಣುತ್ತಿದ್ದದ್ದು ನೀಲಿ, ನೇರಳೆ ಮತ್ತು ನಮ್ಮ ಕಣ್ಣಿಗೆ ಬೀಳದ ಅತಿನೇರಳೆ ಮಾತ್ರ. ಕಡು ಹಸಿರು, ಕಂದುಗೆಂಪು ಎರಡೂ ಅದರಲ್ಲಿ ಕಪ್ಪು ಮುದ್ದೆ. ಆ ಕಪ್ಪಿನಲ್ಲಿ ರಿವೆಟ್ಟು, ಪೈಪು, ಕವಾಟದ ಸಂಪರ್ಕ ಸರಳುಗಳು ಎಲ್ಲ ಮುಳುಗಿಹೋಗುತ್ತಿದ್ದವು. ಮೇಲಾಗಿ ಇಂಜಿನ್ನಿನ ಬಣ್ಣಕ್ಕೆ ವಾರ್ನಿಷ್ ಹೊಡೆದಿರುತ್ತದೆ. ಬಾಯ್ಲರಿನ ದುಂಡು ಮೈಯಲ್ಲಿ ಆಕಾಶದ ನೀಲಿ ಪ್ರತಿಫಲಿಸಿದರೆ ಅಲ್ಲೊಂದು ಉದ್ದನೆ ಬಿಳಿ ಪಟ್ಟೆ. ಹೊಳಪಿಲ್ಲದ ಬೂದಿ ಈ ಎರಡು ತೊಂದರೆಗೂ ಒಂದೇ ಮದ್ದು. ಮ್ಯಾಂಚೆಸ್ಟರಿನಲ್ಲಿ 1854ರಲ್ಲಿ ಶುರುವಾದ ಬೇಯರ್ ಪೀಕಾಕ್ ಕಾರ್ಖಾನೆಯ ಇಂಜಿನ್‌ಗಳನ್ನು ಆ ದಶಕದಲ್ಲೇ ಜೇಮ್ಸ್ ಮಡ್ ಎಂಬ ಛಾಯಾಗ್ರಾಹಕ ತೆಗೆಯತೊಡಗಿದ್ದ. ಆಮೇಲೆ ಎಲ್ಲ ಬಣ್ಣ ಗ್ರಹಿಸುವ ಪ್ಲೇಟುಗಳು ಬಂದರೂ ಬೂದು ಬಳಿಯುವುದು ನಿಲ್ಲಲಿಲ್ಲ. ಅದಕ್ಕೆ ಬರೀ ಅಭ್ಯಾಸವೊಂದೇ ಕಾರಣವಲ್ಲ, ಯಂತ್ರದ ವಿವರ ಬೂದಿಯಲ್ಲಿ ಕಂಡಷ್ಟು ಚೆನ್ನಾಗಿ ಬೇರೆ ಯಾವ ಬಣ್ಣದಲ್ಲೂ ಕಾಣುವುದಿಲ್ಲ.

ನಿಮ್ಮ ಚಿತ್ರಗಳಲ್ಲಿ ಇನ್ನೆರಡು ಸಂಗತಿ ನೋಡಿ. ಒಂದು, ಗಾಲಿಗಳನ್ನು ಜೋಡಿಸುವ ಉದ್ದನೆಯ ಸರಳು. ಬಹುಪಾಲು ಚಿತ್ರಗಳಲ್ಲಿ ಅದು ಕೆಳಗಿರುತ್ತದೆ. ಇಂಜಿನ್ನನ್ನು ಇಂಚಿಂಚಾಗಿ ತಳ್ಳಿ, ಕ್ರ್ಯಾಂಕ್ ತಳಕ್ಕೆ ಬಂದಾಗ ಬೆಣೆ ಕೊಟ್ಟು ನಿಲ್ಲಿಸುತ್ತಿದ್ದರು. ಆಗ ಸರಳು ಗಾಲಿಯ ನಡುಭಾಗಕ್ಕೆ ಅಡ್ಡ ಬರುವುದಿಲ್ಲ. ಎರಡನೆಯದು ದೂರ. 60 ಅಡಿ ಉದ್ದದ ಇಂಜಿನ್ನು ಮತ್ತು ಅದರ ಕಲ್ಲಿದ್ದಲು, ನೀರು ಹೊರುವ ಟೆಂಡರನ್ನು 15×12 ಇಂಚಿನ ಪ್ಲೇಟಿನಲ್ಲಿ 14 ಇಂಚಿಗೆ ಇಳಿಸಬೇಕೆಂದರೆ ಸುಮಾರು 51ನೇ ಒಂದು ಪಾಲು. 24 ಇಂಚಿನ ಲೆನ್ಸ್ ಆದರೆ ಕ್ಯಾಮೆರಾ 104 ಅಡಿ ಹಿಂದೆ ನಿಲ್ಲಬೇಕು. 12 ಇಂಚಿನ ಲೆನ್ಸಿನಲ್ಲಿ 52 ಅಡಿಗೇ ಕೆಲಸ ಮುಗಿಯುತ್ತದೆ, ಆದರೆ ಎರಡು ತುದಿಯ ಗಾಲಿಗಳು ಓರೆಯಾಗಿ ಕಂಡು ಒಳಮೈ ತೋರಿಸುತ್ತವೆ. ಗಾಲಿಗಳೆಲ್ಲ ತಟ್ಟೆ ಜೋಡಿಸಿಟ್ಟಂತೆ ನೇರ ಕಂಡರೆ ಛಾಯಾಗ್ರಾಹಕನಿಗೆ ಹಿಂದೆ ಸರಿಯಲು ಜಾಗವಿತ್ತು ಎಂದರ್ಥ.

ಬಿಳಿ ಹಿನ್ನೆಲೆಗೆ ಕೆಲವೆಡೆ ಸುಣ್ಣ ಬಳಿದ ಗೋಡೆ, ಕೆಲವೆಡೆ ಇಂಜಿನ್ನಿನ ಹಿಂದೆ ಹಿಡಿದ ಬಟ್ಟೆ. ಉಳಿದದ್ದೆಲ್ಲ ಗಾಜಿನ ಮೇಲೆ ಕುಂಚದಿಂದ ಮಾಡಿದ್ದು. ಪತ್ತೆ ಹಚ್ಚಲು ಭೂತಗನ್ನಡಿ ಹಿಡಿದು ಗಾಲಿಯ ಕಡ್ಡಿಗಳ ನಡುವೆ, ಬಾಯ್ಲರಿನ ಹೊಟ್ಟೆಯಡಿ ನೋಡಿ. ಒಂದೆರಡು ಸಂದಿಯಲ್ಲಿ ಇಟ್ಟಿಗೆ ಗೋಡೆಯ ಚೂರೋ ಹುಲ್ಲಿನ ಎಸಳೋ ಉಳಿದಿರುತ್ತದೆ. ಮೂವತ್ತು ಸಂದಿ ತುಂಬಿದವನ ಕೈ ಮೂವತ್ತೊಂದರಲ್ಲಿ ಸೋತಿರುತ್ತದೆ.

ಅಜ್ಜ ಅಚ್ಚುಕೂಟಗಳಿಗೆ ಚಿತ್ರ ಅಚ್ಚು ಹಾಕುವ ಬ್ಲಾಕ್ ಮಾಡಿಕೊಡುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ ಪಂಪು, ಲೇತುಗಳ ಗಾಜಿನ ನೆಗೆಟಿವ್ ಇಪ್ಪತ್ತು ಸಿಕ್ಕಿವೆ. ಯಂತ್ರದ ಸುತ್ತ ಇಟ್ಟಿಗೆ ಬಣ್ಣದ ಪೇಂಟ್ ಮೆತ್ತಿದೆ. ಕೆಲವಕ್ಕೆ ಬೂಷ್ಟು ಬಂದಿದೆ. ತೊಳೆದು ಸ್ಕ್ಯಾನ್ ಮಾಡಿಸಲೇ? (ಮಂಗಳೂರು)

ತೊಳೆಯಲೇಬೇಡಿ. ಆ ಪೇಂಟು ಕೊಳೆಯಲ್ಲ, ಅಜ್ಜನವರ ಕೆಲಸವೇ ಅದು. ಇಟ್ಟಿಗೆ ಬಣ್ಣದ ಮಣ್ಣುಪುಡಿಯನ್ನು ಗೋಂದಿನ ನೀರಿನಲ್ಲಿ ಅರೆದು ಮಾಡಿದ ಬಣ್ಣ ಅದು. ನೀರು ತಾಗಿದರೆ ಕರಗಿ ಹರಿಯುತ್ತದೆ. ನೆಗೆಟಿವ್‌ನಲ್ಲಿ ಬೆಳಕು ತಡೆದ ಜಾಗ ಪ್ರಿಂಟಿನಲ್ಲಿ ಬಿಳಿ. ಹಾಗಾಗಿ ಯಂತ್ರದ ಸುತ್ತ ಬಣ್ಣ ಮೆತ್ತಿದರೆ ಹಿಂದಿನ ಶೆಡ್ಡು, ಬೆಲ್ಟು, ನಿಂತ ಜನ ಎಲ್ಲ ಮಾಯ. ಕಪ್ಪು ಬಿಟ್ಟು ಕೆಂಪು ಯಾಕೆಂದರೆ ಪ್ರಿಂಟಿನ ಬ್ರೋಮೈಡ್ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ, ತೆಳುವಾಗಿ ಬಳಿದರೂ ಸಾಕು. ತೆಳುವಾದಷ್ಟೂ ಅಂಚು ಚೂಪಾಗುತ್ತದೆ, ಒಣಗಿದ ಮೇಲೆ ಬಿರುಕೂ ಬಿಡುವುದಿಲ್ಲ. ಜೊತೆಗೆ ಕುಂಚ ಆಡಿಸುವವನಿಗೆ ಕೆಳಗಿನ ಚಿತ್ರ ಮಂಕಾಗಿಯಾದರೂ ಕಾಣುತ್ತಿರುತ್ತದೆ.

ಒಂದು ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕೆಲಸದ ಕ್ರಮವೇ ಕಾಣುತ್ತದೆ. ಲೇತಿನ ನೇರ ಅಂಚುಗಳಿಗೆ ರೂಲಿಂಗ್ ಪೆನ್ನಿನಲ್ಲಿ ಬಣ್ಣ ತುಂಬಿ ಸ್ಕೇಲ್ ಇಟ್ಟು ಗೆರೆ ಎಳೆದಿರುತ್ತಾರೆ, ದುಂಡಗಿನ ಪುಲ್ಲಿಗೆ ಕೈವಾರ ಹಿಡಿದಿರುತ್ತಾರೆ. ಗೆರೆಯಿಂದಾಚೆ ಅರ್ಧ ಇಂಚು ಸಣ್ಣ ಕುಂಚ, ಅದರಾಚೆ ದೊಡ್ಡ ಕುಂಚ. ಇನ್ನೂ ಹೊರಗೆ ಬಣ್ಣ ದಂಡ ಮಾಡದೆ ಕಪ್ಪು ಕಾಗದ ಕತ್ತರಿಸಿ ಅಂಟಿಸಿರಲೂಬಹುದು. ಆ ಕಾಗದವನ್ನೂ ಕೀಳಬೇಡಿ.

ಬೂಷ್ಟಿಗೆ ಬರೋಣ. ಮೊದಲು ಯಾವ ಕಡೆ ಯಾವುದು ಎಂದು ಗೊತ್ತು ಮಾಡಿಕೊಳ್ಳಿ. ಬೆಳಕಿಗೆ ಓರೆ ಹಿಡಿದಾಗ ಹೊಳೆಯುವುದು ಬರೀ ಗಾಜಿನ ಕಡೆ. ಮಂಕಾಗಿರುವುದು ಎಮಲ್ಷನ್ ಕಡೆ, ಅಂದರೆ ಜೆಲಟಿನ್ ಪದರ. ಗಾಜಿನ ಕಡೆ ಬಣ್ಣವೋ ಕಾಗದವೋ ಇಲ್ಲದಿದ್ದರೆ ಮಾತ್ರ, ಶುದ್ಧೀಕರಿಸಿದ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಯಿಂದ ಅಂಚಿಗೆ ತಾಗದಂತೆ ಒರೆಸಬಹುದು. ಎಮಲ್ಷನ್ ಕಡೆಗೆ ಮೆತ್ತನೆಯ ಒಣ ಕುಂಚ ಅಥವಾ ರಬ್ಬರ್ ಊದುಬುರುಡೆ, ಅಷ್ಟೇ. ಬೂಷ್ಟು ತಿನ್ನುವುದು ಜೆಲಟಿನ್ನನ್ನೇ. ತಿಂದ ಜಾಗ ನೀರಿಗೆ ಕರಗುವ ಹಾಗಾಗಿರುತ್ತದೆ, ಒದ್ದೆ ಹತ್ತಿ ಇಟ್ಟರೆ ಚಿತ್ರ ಹತ್ತಿಯ ಜೊತೆ ಎದ್ದು ಬರುತ್ತದೆ. ಪದರ ಸುರುಳಿ ಏಳುತ್ತಿರುವ ಪ್ಲೇಟು ಇದ್ದರೆ ಬೇರೆ ಇಡಿ, ಸಂರಕ್ಷಣೆ ಬಲ್ಲವರಿಗೇ ತೋರಿಸಿ. ಬೂಷ್ಟಿನ ಧೂಳಿಗೆ ಮೂಗು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ.

ಸ್ಕ್ಯಾನರಿಗಿಂತ ಕ್ಯಾಮೆರಾ ವಾಸಿ. ಲೈಟ್ ಬಾಕ್ಸಿನ ಮೇಲೆ ನಾಲ್ಕು ಮೂಲೆಗೆ ದಪ್ಪ ರಟ್ಟಿನ ತುಂಡಿಟ್ಟು, ಎಮಲ್ಷನ್ ಮೇಲಾಗುವಂತೆ ಪ್ಲೇಟು ಮಲಗಿಸಿ, ಸುತ್ತಲಿನ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ ನೇರ ಮೇಲಿನಿಂದ ತೆಗೆಯಿರಿ. ಹೀಗೆ ತೆಗೆದ ಚಿತ್ರ ಎಡ ಬಲ ಅದಲುಬದಲಾಗಿರುತ್ತದೆ, ಕಂಪ್ಯೂಟರಿನಲ್ಲಿ ತಿರುಗಿಸಿಕೊಳ್ಳಿ. ಪ್ರತಿ ಪ್ಲೇಟಿಗೂ ಎರಡು ಚಿತ್ರ ಬೇಕು: ಕೆಳಗಿನ ಬೆಳಕಿನಲ್ಲಿ ಒಂದು, ಲೈಟ್ ಬಾಕ್ಸ್ ಆರಿಸಿ ಪಕ್ಕದ ಬೆಳಕಿನಲ್ಲಿ ಒಂದು. ಮೊದಲನೆಯದರಲ್ಲಿ ಯಂತ್ರ ಸಿಗುತ್ತದೆ, ಎರಡನೆಯದರಲ್ಲಿ ಕುಂಚದ ಕೆಲಸ. ಕೆಂಪು ಬಣ್ಣ ತೆಳುವಾಗಿರುವ ಕಡೆ ಕಲರ್ ಚಿತ್ರದ ಕೆಂಪು ಚಾನೆಲ್ ಮಾತ್ರ ತೆರೆದು ನೋಡಿ. ಅಜ್ಜ ಅಡಗಿಸಿದ ಶೆಡ್ಡು ಎಷ್ಟೋ ಸಲ ಅಲ್ಲಿ ಮೆಲ್ಲಗೆ ಮೂಡುತ್ತದೆ.

ಇಡುವಾಗ ಒಂದೊಂದನ್ನೂ ಆಮ್ಲರಹಿತ ಕಾಗದದ, ನಾಲ್ಕು ಕಡೆ ಮಡಚುವ ಲಕೋಟೆಯಲ್ಲಿ ಹಾಕಿ, ಉದ್ದದ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಮಲಗಿಸಿದರೆ ತಳದವು ಒಡೆಯುತ್ತವೆ: 10×8 ಇಂಚಿನ, ಎರಡು ಮಿಲಿಮೀಟರ್ ದಪ್ಪದ ಗಾಜು ಒಂದೊಂದೂ ಕಾಲು ಕಿಲೊ ತೂಗುತ್ತದೆ, ಇಪ್ಪತ್ತಾದರೆ ಐದು ಕಿಲೊ. ನಿಮ್ಮೂರಿನ ಮಳೆಗಾಲದಲ್ಲಿ ತೇವಾಂಶ ಶೇ. 40ಕ್ಕಿಂತ ಕೆಳಗೆ ಇಳಿಸುವುದು ಮನೆಯಲ್ಲಿ ಕಷ್ಟ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ಅಗ್ಗದ ತೇವಮಾಪಕ ಇಟ್ಟು, ಜೆಲ್ ಬಣ್ಣ ಬದಲಿಸಿದಾಗ ಕಾಯಿಸಿ ಮತ್ತೆ ಹಾಕುವುದು ಆಗುವ ಕೆಲಸ. ಹೊರಗೋಡೆಗೆ ತಾಗಿದ ಕಪಾಟು ಮಾತ್ರ ಬೇಡ.

ಅಕ್ಕಿ ಗಿರಣಿಯ ಹಳೆಯ ಆಯಿಲ್ ಇಂಜಿನ್ ದುರಸ್ತಿ ಮಾಡಿದ್ದೇನೆ. ಮೂಲ ಬಣ್ಣಕ್ಕೆ ಇರುವ ಆಧಾರ ಕಂಪನಿಯ ಕ್ಯಾಟಲಾಗಿನ ಕಪ್ಪು ಬಿಳುಪು ಚಿತ್ರವೊಂದೇ. ಫ್ಲೈವೀಲು ಕಪ್ಪಾಗಿ ಕಾಣುತ್ತದೆ, ಮೈ ತಿಳಿ ಬೂದಿ. ಹಾಗೇ ಬಳಿಯಬಹುದೇ? (ತೀರ್ಥಹಳ್ಳಿ)

ಬೇಡ. ಮೇಲಿನ ಹುಬ್ಬಳ್ಳಿಯವರ ಉತ್ತರ ಓದಿದರೆ ಯಾಕೆಂದು ಹೊಳೆಯುತ್ತದೆ: ತಿಳಿ ಬೂದಿ ಫೋಟೊಗಾಗಿಯೇ ಬಳಿದದ್ದಿರಬಹುದು. ಫ್ಲೈವೀಲು ಕಪ್ಪಾಗಿರದೆ ಅಚ್ಚ ಕೆಂಪಾಗಿರಲೂ ಸಾಕು. 1873ರಲ್ಲಿ ಹರ್ಮನ್ ವಿಲ್ಹೆಲ್ಮ್ ಫೋಗೆಲ್, ಎಮಲ್ಷನ್ನಿಗೆ ಬಣ್ಣದ ರಾಸಾಯನಿಕ ಬೆರೆಸಿದರೆ ಅದು ಹಸಿರನ್ನೂ ಗ್ರಹಿಸುತ್ತದೆಂದು ಕಂಡುಹಿಡಿದ. ಅದರಿಂದ ಬಂದ ಆರ್ಥೊಕ್ರೊಮ್ಯಾಟಿಕ್ ಪ್ಲೇಟಿಗೆ ಕೆಂಪು ಮಾತ್ರ ಕಾಣದು. ಕೆಂಪನ್ನೂ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟನ್ನು ಇಂಗ್ಲೆಂಡಿನ ರ‍್ಯಾಟನ್ ಅಂಡ್ ವೇನ್‌ರೈಟ್ 1906ರಲ್ಲಿ ಮಾರಾಟಕ್ಕೆ ತಂದಿತಾದರೂ, ಕೆಂಪು ದೀಪದಡಿ ನೋಡಿಕೊಂಡು ಡೆವಲಪ್ ಮಾಡುವ ಅನುಕೂಲಕ್ಕೆ ಒಗ್ಗಿದವರು ಆಮೇಲೂ ಬಹುಕಾಲ ಹಳೆಯದನ್ನೇ ಬಳಸಿದರು. ಹಿತ್ತಾಳೆಯ ಎಣ್ಣೆಬಟ್ಟಲು ಚಿತ್ರದಲ್ಲಿ ಕಬ್ಬಿಣಕ್ಕಿಂತ ಕಪ್ಪಾಗಿ ಕಾಣುತ್ತಿದೆಯೇ ನೋಡಿ. ಕಂಡರೆ ಆ ಪ್ಲೇಟು ಹಳದಿ ಕೆಂಪಿಗೆ ಕುರುಡು ಎನ್ನಲು ಒಳ್ಳೆಯ ಸುಳಿವು. ಮೊಬೈಲಿನಲ್ಲೇ ಪರೀಕ್ಷಿಸಬಹುದು: ಯಾವುದಾದರೂ ಕೆಂಪು ಪಂಪಿನ ಕಲರ್ ಚಿತ್ರ ತೆಗೆದು, ಕಪ್ಪು ಬಿಳುಪಿಗೆ ಬದಲಿಸುವಾಗ ನೀಲಿ ಚಾನೆಲ್ ಮಾತ್ರ ಉಳಿಸಿ.

ಬಣ್ಣ ಇಂಜಿನ್ನನ್ನೇ ಕೇಳಬೇಕು. ಬಿಸಿಲು, ಎಣ್ಣೆ ತಾಗದ ಜಾಗ ಹುಡುಕಿ: ಹೆಸರಿನ ಫಲಕದ ಅಡಿ, ಟ್ಯಾಂಕಿನ ಪಟ್ಟಿಯ ಅಡಿ, ಫ್ಲೈವೀಲಿನ ಒಳಬದಿ. ರೂಪಾಯಿ ನಾಣ್ಯದಗಲದ ವೃತ್ತವನ್ನು ನೀರು ಮುಟ್ಟಿಸಿಕೊಂಡು 180 ನಂಬರಿನ ವಾಟರ್ ಪೇಪರಿನಿಂದ ನಡುವಿನಲ್ಲಿ ಲೋಹ ಕಾಣುವವರೆಗೆ ಉಜ್ಜಿ, ಆಮೇಲೆ 400, 800, 1200 ಹಿಡಿದು ಅಂಚುಗಳನ್ನು ಇಳಿಜಾರು ಮಾಡಿ. ಕತ್ತರಿಸಿದ ಈರುಳ್ಳಿಯ ಬಳೆಗಳಂತೆ ಪದರಗಳು ಒಂದರೊಳಗೊಂದು ಕಾಣುತ್ತವೆ. ಲೋಹಕ್ಕೆ ತಾಗಿದ ಇಟ್ಟಿಗೆಗೆಂಪು ಪ್ರೈಮರ್; ಅದರ ಮೇಲಿನ ದಪ್ಪ ಬೂದಿ, ಎರಕದ ಗುಳಿ ತುಂಬಿದ ಫಿಲ್ಲರ್. ಇವೆರಡನ್ನು ಮೂಲ ಬಣ್ಣವೆಂದು ತಿಳಿದು ಮೋಸ ಹೋಗುವವರೇ ಹೆಚ್ಚು. ಫಿಲ್ಲರಿನ ಮೇಲೆ ಮೊದಲು ಸಿಗುವ ತೆಳು ಪದರ ನಿಮಗೆ ಬೇಕಾದದ್ದು. ಅದರ ಮೇಲೆ ಹಳದಿ ತಿರುಗಿದ ವಾರ್ನಿಷ್ ಇದ್ದರೆ ನೀಲಿಯೂ ಹಸಿರಾಗಿ ಕಾಣುತ್ತದೆ, ಆದ್ದರಿಂದ ವಾರ್ನಿಷ್ ದಾಟಿ ನೋಡಿ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಒಣಗಿಸಿ ಉಜ್ಜಬೇಡಿ, ಗ್ರೈಂಡರ್ ಅಂತೂ ಮುಟ್ಟಿಸಲೇಬೇಡಿ.

ಹಳೆಯ ಮೈಕ್ರೊಮೀಟರ್, ಇಂಜಿನ್ನಿನ ವೇಗ ಹದ್ದಿನಲ್ಲಿಡುವ ಹಿತ್ತಾಳೆಯ ಗವರ್ನರ್ ಇಂಥವನ್ನು ಹಾಫ್ ಪ್ಲೇಟ್ ಬೆಲ್ಲೋಸ್ ಕ್ಯಾಮೆರಾದಲ್ಲಿ ಹಳೆಯ ಕ್ಯಾಟಲಾಗಿನ ಶೈಲಿಯಲ್ಲಿ ತೆಗೆಯಲು ನೋಡುತ್ತಿದ್ದೇನೆ. ಲೋಹದ ಹೊಳಪು ಸುಟ್ಟಂತೆ ಬಿಳಿಯಾಗುತ್ತದೆ, ಉಳಿದದ್ದು ಕಪ್ಪು. ಮೀಟರ್ ಹೇಳಿದಷ್ಟೇ ಎಕ್ಸ್‌ಪೋಷರ್ ಕೊಟ್ಟರೂ ನೆಗೆಟಿವ್ ತೆಳು. (ಜಾಲಹಳ್ಳಿ, ಬೆಂಗಳೂರು)

ತೆಳು ನೆಗೆಟಿವ್‌ಗೆ ಕಾರಣ ಬೆಲ್ಲೋಸ್, ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ತಿದಿ. ಹತ್ತಿರದ ವಸ್ತುವಿಗೆ ಬೆಲ್ಲೋಸ್ ಎಳೆದಷ್ಟೂ ಬೆಳಕು ಹರಡಿ ಕಡಿಮೆಯಾಗುತ್ತದೆ. ಲೆನ್ಸಿನಿಂದ ಗ್ರೌಂಡ್ ಗ್ಲಾಸಿಗೆ (ಕ್ಯಾಮೆರಾದ ಹಿಂಬದಿಯಲ್ಲಿ ಚಿತ್ರ ಮೂಡುವ ಮಸುಕು ಗಾಜು) ಇರುವ ದೂರವನ್ನು ಲೆನ್ಸಿನ ಫೋಕಲ್ ಲೆಂಗ್ತಿನಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಎಕ್ಸ್‌ಪೋಷರ್ ಅಷ್ಟು ಪಟ್ಟು ಬೇಕು. 210 ಮಿ.ಮೀ. ಲೆನ್ಸಿಗೆ ಬೆಲ್ಲೋಸ್ 300 ಇದ್ದರೆ ಎರಡು ಪಟ್ಟು. ವಸ್ತುವಿನಷ್ಟೇ ದೊಡ್ಡ ಚಿತ್ರ ಬೇಕೆಂದರೆ 420 ಎಳೆಯಬೇಕು, ಆಗ ನಾಲ್ಕು ಪಟ್ಟು. ನಿಮ್ಮ ಕ್ಯಾಮೆರಾ ಅಷ್ಟು ಬಿಚ್ಚದಿದ್ದರೆ 135ರ ಲೆನ್ಸ್ ಹಾಕಿ, 270ಕ್ಕೆ ಅದೇ ಗಾತ್ರ ಸಿಗುತ್ತದೆ. ಮೀಟರ್ 2 ಸೆಕೆಂಡ್ ಅಂದರೆ 8 ಸೆಕೆಂಡ್ ಆಯಿತು. ಅಲ್ಲಿಗೂ ಮುಗಿಯಲಿಲ್ಲ, ಒಂದು ಸೆಕೆಂಡ್ ದಾಟಿದ ಮೇಲೆ ಫಿಲ್ಮು ಮಂದವಾಗುತ್ತದೆ, ಅದಕ್ಕೆ ಎಷ್ಟು ಸೇರಿಸಬೇಕೆಂದು ಫಿಲ್ಮಿನ ಜೊತೆ ಬರುವ ಕೋಷ್ಟಕದಲ್ಲಿ ನೋಡಿ. ಅಪರ್ಚರ್ ಎಫ್ 32ಕ್ಕೆ ನಿಲ್ಲಿಸಿ. ಈ ಗಾತ್ರದಲ್ಲಿ ಅದು ಆಗಲೇ ಎಫ್ 64ರ ಸಮ, ಇನ್ನೂ ಮುಚ್ಚಿದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಫೋಕಸ್ ಮಾಡುವಾಗ ಮುಂದೆ ಒಂದು ಪಾಲು, ಹಿಂದೆ ಎರಡು ಪಾಲು ಎಂಬ ಲೆಕ್ಕ ಇಷ್ಟು ಹತ್ತಿರದಲ್ಲಿ ನಡೆಯದು. ಸ್ಪಷ್ಟವಾಗಿ ಕಾಣುವ ಆಳ ಎರಡೂ ಕಡೆ ಸರಿಸಮ ಹೋಗುತ್ತದೆ, ನಡುವಿಗೇ ಹಿಡಿಯಿರಿ. ಗವರ್ನರಿನಂತೆ ನಿಂತ ವಸ್ತುವಿಗೆ ಕ್ಯಾಮೆರಾದ ಹಿಂಭಾಗವನ್ನು ನೀರುಮಟ್ಟ ಇಟ್ಟು ನೆಟ್ಟಗೆ ನಿಲ್ಲಿಸಿ. ಮೇಲಿನಿಂದ ಕಾಣಬೇಕೆಂದು ಇಡೀ ಕ್ಯಾಮೆರಾ ಬಗ್ಗಿಸಿದರೆ ಕಂಬಗಳು ಕೆಳಗೆ ಕೂಡಿಕೊಂಡಂತೆ ಕಾಣುತ್ತವೆ. ಕ್ಯಾಮೆರಾ ಎತ್ತರಕ್ಕೇರಿಸಿ ಲೆನ್ಸ್ ಹಲಗೆಯನ್ನು ಮಾತ್ರ ಕೆಳಗೆ ಜಾರಿಸಿ.

ಹೊಳಪಿಗೆ ಹಳಬರ ಬಳಿ ಹಲವು ಉಪಾಯ ಇದ್ದವು. ಎಲ್ಲಕ್ಕಿಂತ ಸಲೀಸಾದದ್ದು ಕಿಟಕಿ ಗಾಜಿಗೆ ಹಾಕುವ ಪುಟ್ಟಿ: ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ. ನಿಂಬೆ ಗಾತ್ರದ ಉಂಡೆಯನ್ನು ಕೈಯಲ್ಲಿ ನಾದಿ ಮೆತ್ತಗೆ ಮಾಡಿ, ಹೊಳೆಯುವ ಮೈಗೆ ಒತ್ತೊತ್ತಿ ತೆಗೆಯಿರಿ. ಎಳೆಯಬಾರದು, ಎಳೆದರೆ ಗೀರು ಫೋಟೊದಲ್ಲಿ ಬರುತ್ತದೆ. ಪುಟ್ಟಿ ಮೇಲೆ ಉಳಿಯದೆ ಅದರ ಮಂಜಿನಂಥ ಲೇಪ ಮಾತ್ರ ಉಳಿಯಬೇಕು. ಗ್ರೌಂಡ್ ಗ್ಲಾಸಿನಲ್ಲಿ ನೋಡುತ್ತ, ಬಿಳಿ ಸುಟ್ಟ ಜಾಗಕ್ಕಷ್ಟೇ ಒತ್ತಿ. ಪೂರ್ತಿ ಮಂಕು ಮಾಡಿದರೆ ಉಕ್ಕು ಉಕ್ಕಾಗಿ ಕಾಣದೆ ಪ್ಲಾಸ್ಟರ್ ಆಗುತ್ತದೆ, ಹೊಸಬರು ತಪ್ಪುವುದು ಇಲ್ಲೇ. ಒಂದೆರಡು ಅಂಚಿನಲ್ಲಿ ಮಿಂಚು ಬಿಡಿ. ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ತೆಳ್ಳಗೆ ಯಂತ್ರದೆಣ್ಣೆ ಸವರಿಡಿ. ಮೈಕ್ರೊಮೀಟರಿನ ಅಳತೆಯ ಎರಡು ಮುಖಗಳಿಗೆ, ತಿರುಪಿನ ಸಂದಿಗೆ ಪುಟ್ಟಿ ಸೋಕದಂತೆ ಟೇಪು ಹಚ್ಚಿಕೊಳ್ಳಿ. ಕೆತ್ತಿದ ಅಂಕಿಗಳು ಕಾಣದಿದ್ದರೆ ನೀರಲ್ಲಿ ಕಲಸಿದ ಸೀಮೆಸುಣ್ಣ ತುಂಬಿ, ಮೇಲ್ಮೈ ಒರೆಸಿ ಒಣಗಿಸಿ.

ಬೆಳ್ಳಿ ಹೂಜಿಯಂಥ ಟೊಳ್ಳು ಪಾತ್ರೆಗಾದರೆ ಮಂಜುಗಡ್ಡೆ ನೀರು ತುಂಬಿ, ಹೊರಮೈ ಬೆವರಿದ ಕ್ಷಣದಲ್ಲಿ ತೆಗೆಯುವ ಚಂದದ ಉಪಾಯವಿತ್ತು. ಉಕ್ಕಿಗೆ ಅದು ಬೇಡ, ಸಂಜೆಗೇ ತುಕ್ಕು. ಮೆಗ್ನೀಷಿಯಂ ಪಟ್ಟಿ ಸುಟ್ಟು ಅದರ ಬಿಳಿ ಹೊಗೆ ಹಿಡಿಸುವುದೂ ಇತ್ತು. ಲೇಪ ಬಹಳ ನಯವಾಗಿ ಕೂರುತ್ತದೆ, ಆದರೆ ಆ ಉರಿಯನ್ನು ಬರಿಗಣ್ಣಿನಿಂದ ನೋಡಬಾರದು, ನೀರು ಹಾಕಿ ಆರಿಸಲೂ ಬಾರದು. ಪುಟ್ಟಿಯೇ ಸಾಕು.

ನೆರಳಿಲ್ಲದ ಬಿಳಿ ಹಿನ್ನೆಲೆಗೆ ಮೈಕ್ರೊಮೀಟರನ್ನು ಗಾಜಿನ ಹಲಗೆಯ ಮೇಲೆ ಮಲಗಿಸಿ, ಒಂದೂವರೆ ಅಡಿ ಕೆಳಗೆ ಬಿಳಿ ಕಾಗದ ಹಾಸಿ, ಕ್ಯಾಮೆರಾ ನೇರ ಮೇಲೆ. ನೆರಳು ಕಾಗದದ ಮೇಲೆ ಚಿತ್ರದಿಂದಾಚೆ ಬೀಳುತ್ತದೆ. ಗಾಜಿನಲ್ಲಿ ಕ್ಯಾಮೆರಾದ ಹಿತ್ತಾಳೆ ತಿರುಪುಗಳೇ ಪ್ರತಿಬಿಂಬಿಸಿದರೆ ಕಪ್ಪು ಬಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ ಮುಂದೆ ಇಳಿಬಿಡಿ.

ಕ್ಯಾಟಲಾಗಿನ ಚಿತ್ರ ಫೋಟೊನೋ, ಕೈಯಲ್ಲಿ ಬರೆದದ್ದೋ ಎಂದು ಹೇಗೆ ಹೇಳುವುದು? (ಧಾರವಾಡ)

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಉಬ್ಬಿ ಸೊರಗುವ ಗೆರೆಗಳು ಕಂಡರೆ ಮರದ ಕೆತ್ತನೆ, ಬಹುಶಃ ಫೋಟೊ ನೋಡಿಯೇ ಕೆತ್ತಿದ್ದು. ಸಾಲಾಗಿ ನಿಂತ ಚುಕ್ಕಿಗಳಾದರೆ ಹಾಫ್‌ಟೋನ್ ಬ್ಲಾಕು, ಅಂದರೆ ಫೋಟೊವನ್ನೇ ಚುಕ್ಕಿಗಳಾಗಿ ಒಡೆದು ಮಾಡಿದ ಅಚ್ಚು. ಆರ್ಟ್ ಪೇಪರಿಗೆ ಇಂಚಿಗೆ 133ರಿಂದ 150 ಸಾಲು, ಪತ್ರಿಕೆಯ ಕಾಗದಕ್ಕೆ 65ರಿಂದ 85. ಚುಕ್ಕಿಗಳಿದ್ದೂ ಎರಕದ ಮೈ ಬೆಣ್ಣೆ ಸವರಿದಷ್ಟು ನುಣುಪಾಗಿ, ಪ್ರತಿ ದುಂಡು ಭಾಗಕ್ಕೂ ಒಂದೇ ಅಳತೆಯ ಹೊಳಪು ಇದ್ದರೆ ಪ್ರಿಂಟಿನ ಮೇಲೆ ಏರ್‌ಬ್ರಷ್ ಓಡಾಡಿದೆ. ಬೋಲ್ಟುಗಳ ಸುತ್ತ ನೋಡಿ: ಅಂಚು ಕೊರೆದಂತೆ ಚೂಪು, ಅಂಚಿನಾಚೆ ಮಂಜು. ಬೋಲ್ಟಿನ ಆಕಾರಕ್ಕೆ ಕಾಗದ ಕತ್ತರಿಸಿಟ್ಟು ಬಣ್ಣ ಊದಿದ ಗುರುತು ಅದು.

ಹಳೆಯ ಕಾರ್ಖಾನೆಗಳ ಒಳಗಿನ ಫೋಟೊಗಳಲ್ಲಿ ಯಂತ್ರ ಸಾಲಾಗಿ ನಿಂತಿರುತ್ತವೆ, ಆಳು ಒಬ್ಬರೂ ಇಲ್ಲ. ಮುಷ್ಕರದ ದಿನ ತೆಗೆದವೇ? (ಕೆಜಿಎಫ್)

ಹೆಚ್ಚಾಗಿ ಭಾನುವಾರ ತೆಗೆದವು. ಎಕ್ಸ್‌ಪೋಷರ್ ನಿಮಿಷಗಟ್ಟಲೆ ಹೋಗುವಾಗ ಬೆಲ್ಟುಗಳ ಮೂಲಕ ಯಂತ್ರಗಳನ್ನೆಲ್ಲ ಓಡಿಸುವ ಮೇಲಿನ ಲೈನ್ ಶಾಫ್ಟ್ ತಿರುಗುತ್ತಿದ್ದರೆ ಇಡೀ ನೆಲವೇ ನಡುಗಿ ಚಿತ್ರ ಕಲಸಿಹೋಗುತ್ತದೆ. ಜರ್ಮನಿಯ ಎಸ್ಸೆನ್‌ನಲ್ಲಿ 1861ರಲ್ಲೇ ಸ್ವಂತ ಫೋಟೊ ವಿಭಾಗ ತೆರೆದ ಕ್ರುಪ್ ಉಕ್ಕಿನ ಕಾರ್ಖಾನೆಯಲ್ಲೂ, ಕೆಲಸದ ದಿನದ ಹೊಗೆ ಮತ್ತು ಉಗಿಯ ಕಾಟಕ್ಕೆ ಭಾನುವಾರವೇ ವಾಸಿ ಎಂಬ ಸೂಚನೆ ಮಾಲೀಕನಿಂದಲೇ ಹೋಗಿತ್ತು. ಆಳುಗಳು ಇದ್ದೂ ಕಾಣದಿರುವುದೂ ಉಂಟು. ಕತ್ತಲೆ ಮೂಲೆಗಳಿಗೆ ಬೆಳಕು ತುಂಬಲು ಲೆನ್ಸ್ ತೆರೆದಿಟ್ಟು, ಒಬ್ಬ ದೀಪ ಹಿಡಿದು ಯಂತ್ರಗಳ ನಡುವೆ ನಡೆಯುತ್ತಿದ್ದ. ದೀಪವನ್ನು ಮೈಗೆ ಮರೆಮಾಡಿ, ಎಲ್ಲೂ ನಿಲ್ಲದೆ ನಡೆದರೆ ಅವನು ಪ್ಲೇಟಿನಲ್ಲಿ ಮೂಡುವುದಿಲ್ಲ. ನಿಮ್ಮ ಚಿತ್ರದಲ್ಲಿ ಯಂತ್ರಗಳ ನೆರಳು ಒಂದೊಂದು ಒಂದೊಂದು ದಿಕ್ಕಿಗೆ ಬಿದ್ದಿದ್ದರೆ, ಅಥವಾ ನೆಲದ ಬಳಿ ಸಣ್ಣ ಬಿಳಿ ಎಳೆ ಹಾವಿನಂತೆ ಹರಿದಿದ್ದರೆ, ಅವನು ಎಲ್ಲಿ ಹೆಜ್ಜೆ ತಪ್ಪಿ ದೀಪವನ್ನು ಕ್ಯಾಮೆರಾಕ್ಕೆ ತೋರಿಸಿದ ಎಂಬುದು ಸಿಗುತ್ತದೆ.